ಪಟ್ಟಿಯ ಮೊದಲ ಅಜ್ಜಿ

ಮನೆಮನೆಗೆ ಹೋಗುವ ನರ್ಸ್‌ಗಳಿಗಾಗಿ ಆ್ಯಪ್ ಬರೆಯುವ ಅವಳು, ದಿನವೂ ಕಚೇರಿಗೆ ಬಂದವಳೇ ದೇವರನ್ನು ನೆನೆದು, ಅಂದಿನ ರೋಗಿಗಳ ಹೆಸರನ್ನು ತನ್ನ ಫೋನಿನಲ್ಲಿ ಬೆರಳಿಟ್ಟು ಎಣಿಸುತ್ತಾಳೆ. "ಜಪ ಮುಗೀತಾ ಅಕ್ಕಾ?" ಎಂದು ಜೊತೆಯವರು ಕೆಣಕುತ್ತಾರೆ.

ಇಂದು ಸರ್ವರ್ ಕಳಿಸಿದ್ದು ಹದಿನೆಂಟು ಹೆಸರು, ಫೋನಿನಲ್ಲಿ ಕಂಡದ್ದು ಹದಿನೇಳು. ಮತ್ತೆ ಎಣಿಸಿದಳು. ಹದಿನೇಳೇ. ಬಿಟ್ಟುಹೋದವರು ಪಟ್ಟಿಯ ಮೊದಲನೆಯವರು, ಒಂಬತ್ತಕ್ಕೆ ಇನ್ಸುಲಿನ್ ಕೊಡಬೇಕಾದ ಒಂಟಿ ಅಜ್ಜಿ. ಆಗಲೇ ಒಂಬತ್ತೂಕಾಲು.

ಮೂರನೆಯ ಸಲಕ್ಕೆ ಅಜ್ಜಿಯ ಮನೆಗೆ ಹೋಗಬೇಕಾದ ನರ್ಸ್ ಫೋನಿಗೆ ಸಿಕ್ಕಳು. "ಅಯ್ಯೋ, ಅವರ ಹೆಸರೇ ಇರಲಿಲ್ವಲ್ಲ! ಪಕ್ಕದ ಬೀದೀಲೇ ಇದೀನಿ, ಈಗಲೇ ಓಡ್ತೀನಿ."

ಅವಳು ನಿಂತೇ ತನ್ನ ಆ್ಯಪ್‌ನ ಕೋಡ್ ತೆರೆದಳು. ಸರ್ವರ್ ಕಳಿಸುವ ಪಟ್ಟಿಯ ಮೊದಲ ಸಾಲು ಇಷ್ಟು ದಿನ ತಲೆಬರಹವಾಗಿತ್ತು. ಅದಕ್ಕೇ ಪಟ್ಟಿಯನ್ನು ಸಾಲುಸಾಲಾಗಿ ಓದಲು ಅವಳು ಬರೆದ ಲೂಪ್ ಎರಡನೆಯ ಸಾಲಿನಿಂದ ಓದುತ್ತಿತ್ತು. ನಿನ್ನೆ ಸರ್ವರ್ ನೋಡಿಕೊಳ್ಳುವವನು ತಲೆಬರಹ ತೆಗೆದಿದ್ದ. ಲೂಪ್ ಅಜ್ಜಿಯನ್ನೇ ತಲೆಬರಹವೆಂದು ದಾಟಿಬಿಟ್ಟಿತ್ತು.

ಸರಿಪಡಿಸಿದ ಮೇಲೂ ಅವಳು ಕೂರಲಿಲ್ಲ. ಇಂಜೆಕ್ಷನ್ ಆಯಿತೆಂದು ನರ್ಸ್ ತಿಳಿಸುವವರೆಗೆ ಕಾಲು ಸುಟ್ಟ ಬೆಕ್ಕಿನಂತೆ ಓಡಾಡಿದಳು.

ಸರ್ವರ್‌ನವನು ಹತ್ತಿರ ಬಂದ. "ಅಕ್ಕಾ, ಸಾಹೇಬ್ರ ಹತ್ರ ನನ್ನ ತಪ್ಪು ಅಂತ್ಲೇ ಹೇಳಿಬಿಡ್ತೀನಿ. ನೀವು ಸುಮ್ನಿರಿ."

"ಬೇಡಪ್ಪಾ. ತಲೆಬರಹ ತೆಗೀತೀನಿ ಅಂತ ನೀನು ಮೊನ್ನೇನೇ ಹೇಳಿದ್ದೆ. ಕೇಳಿಸಿಕೊಂಡು ಮರೆತವಳು ನಾನು," ಎಂದು ಅವಳು ಸಾಹೇಬರ ಕೋಣೆಯತ್ತ ನಡೆದಳು.