ಬಿಯೊಬಿಯೊದಲ್ಲಿ ಬೆಂಕಿ, ನನ್ನ ತಂಗಿ ಎಲ್ಲಿ?

ಮೊನ್ನೆ ಬೆಳಿಗ್ಗೆ ಎಂಟಕ್ಕೆ ಶಿಗ್ಲಿಯಿಂದ ಅವ್ವನ ಫೋನ್. ಹಲೋ ಅನ್ನಲೂ ಬಿಡಲಿಲ್ಲ.

"ಲೇ ಸರೋಜಾ, ಟಿವಿ ನೋಡಿದೇನು? ಗಿರಿಜಾ ಇರೋ ಊರಿಗೆ ಬೆಂಕಿ ಹತ್ತೈತಿ!"

ಗಿರಿಜಾ ನನ್ನ ತಂಗಿ. ಬೀಜದ ಕಂಪನಿಯಲ್ಲಿ ಕೆಲಸ. ಹಮ್ಮಿಗಿ ಕಡೆಯ ಹೊಲಗಳಲ್ಲಿ ಬೀಜೋತ್ಪಾದನೆ ನೋಡಿಕೊಳ್ಳುತ್ತಿದ್ದವಳನ್ನು ಮೂರು ತಿಂಗಳ ಮಟ್ಟಿಗೆ ಚಿಲಿ ದೇಶಕ್ಕೆ ಕಳಿಸಿದ್ದಾರೆ. ನಮಗೆ ಚಳಿಗಾಲವಿದ್ದಾಗ ಅಲ್ಲಿ ಬೇಸಿಗೆ. ಹಾಗಾಗಿ ವರ್ಷದಲ್ಲಿ ಇನ್ನೊಂದು ಬೆಳೆ ಸಿಗುತ್ತದಂತೆ.

ಟಿವಿ ಹಚ್ಚಿದೆ. ಇಡೀ ಗುಡ್ಡ ಉರಿಯುತ್ತಿತ್ತು. ಕೆಳಗೆ ಓಡುವ ಸಾಲಿನಲ್ಲಿ ಮತ್ತೆ ಮತ್ತೆ ಒಂದೇ ಹೆಸರು... ಬಿಯೊಬಿಯೊ.

ಅಲ್ಲಿಗೆ ಹೋಗಿ ಇಳಿದ ದಿನ ಗಿರಿಜಾ ಫೋನಿನಲ್ಲಿ ನಮಗೆ ಹೇಳಿದ್ದು ಅದೇ ಹೆಸರು. ಅವ್ವ ಅದನ್ನು ಬಾಯಿಪಾಠ ಮಾಡಿಕೊಂಡು ಓಣಿಗೆಲ್ಲ ಹೇಳಿಕೊಂಡು ಬಂದಿದ್ದಳು.

ದಿನಾ ನಾವು ಚಹಾ ಕುಡಿಯುವ ಹೊತ್ತಿಗೆ ಅವಳು ಮಲಗುವ ಮುಂಚೆ ಹೊಲದ ಒಂದು ಫೋಟೋ ಕಳಿಸುತ್ತಾಳೆ. ಅವತ್ತು ಬಂದಿರಲಿಲ್ಲ. ನಾನು ಕಳಿಸಿದ ಮೆಸೇಜಿಗೂ ಒಂದೇ ಟಿಕ್.

ಫೋನ್ ಹಚ್ಚಿದರೆ ಸ್ಪ್ಯಾನಿಷಿನಲ್ಲಿ ಯಾರೋ ಏನೋ ಹೇಳಿ ಕಟ್ ಮಾಡುತ್ತಾರೆ. ಕಂಪನಿಯ ಆಫೀಸು ತೆರೆಯುವುದು ಹತ್ತಕ್ಕೆ.

ಮೊಬೈಲಿನಲ್ಲಿ ನಕಾಶೆ ತೆಗೆದೆ. ಚಿಲಿ ಉದ್ದಕ್ಕೆ, ಸೆರಗಿನ ಅಂಚಿನ ಹಾಗೆ ಇದೆ. ಅದನ್ನು ಅಡ್ಡಡ್ಡ ಹದಿನಾರು ತುಂಡು ಮಾಡಿದ್ದಾರೆ. ಒಂದೊಂದೂ ಒಂದು ರೀಜನ್. ಅದರೊಳಗೆ ಪ್ರಾವಿನ್ಸ್, ಅದರೊಳಗೆ ಕೊಮೂನಾ. ನಮ್ಮ ಜಿಲ್ಲೆ, ತಾಲೂಕು, ಹೋಬಳಿ ಇದ್ದ ಹಾಗೆ.

ಬಿಯೊಬಿಯೊ ಅಂದರೆ ಊರಲ್ಲ, ಒಂದು ಇಡೀ ರೀಜನ್ ಅಂತ ನನಗೆ ಆಗ ಗೊತ್ತಾಯಿತು. ಬೆಂಕಿ ಬಿದ್ದ ಕೊಮೂನಾಗಳ ಹೆಸರು ಸುದ್ದಿಯಲ್ಲಿ ಬರುತ್ತಲೇ ಇದ್ದವು.

ಆದರೆ ನನ್ನ ತಂಗಿಯ ಕೊಮೂನಾ ಯಾವುದು? ಎರಡು ತಿಂಗಳಾಗಿತ್ತು. ಊಟ ಆಯಿತೇ ಎಂದು ದಿನಾ ಕೇಳಿದ್ದೆ. ಇದನ್ನು ಮಾತ್ರ ಕೇಳಿರಲಿಲ್ಲ...

ಆಗ ಕೊರಿಯರ್ ಚೀಟಿ ನೆನಪಾಯಿತು. ಹೋದ ತಿಂಗಳು ಅವಳಿಗೆ ಶೇಂಗಾ ಚಟ್ನಿ ಕಳಿಸಿದ್ದೆವು. ವಿಳಾಸವನ್ನು ಅವಳೇ ನೇರವಾಗಿ ಗದಗಿನ ಅಂಗಡಿಯವರಿಗೆ ಕಳಿಸಿದ್ದಳು. ನಾನು ಡಬ್ಬಿ ಕೊಟ್ಟು, ಚೀಟಿ ಇಸಿದುಕೊಂಡು ಬೆಟಗೇರಿಯ ನಮ್ಮ ಮನೆಗೆ ವಾಪಸ್ ಬಂದಿದ್ದೆ. ಓದಿರಲೇ ಇಲ್ಲ.

ಇಡೀ ಮನೆ ಹುಡುಕಿದೆ. ಕೊನೆಗೆ ಸಿಕ್ಕಿದ್ದು ದಿಂಬಿನ ಪಕ್ಕದ ಕವನ ಸಂಕಲನದಲ್ಲಿ. ಗುರುತಿಗೆ ನಾನೇ ಇಟ್ಟುಕೊಂಡಿದ್ದೆ.

ಕೊಮೂನಾ ಸಾನ್ ಕಾರ್ಲೋಸ್. ಪ್ರಾವಿನ್ಸ್ ಪುನಿಯಾ. ರೀಜನ್ ನ್ಯೂಬ್ಲೆ.

ಬಿಯೊಬಿಯೊ ಎಲ್ಲೂ ಇಲ್ಲ.

ಸಮಾಧಾನ ಆಗಬೇಕಿತ್ತು. ಚೀಟಿಯನ್ನು ಮತ್ತೊಮ್ಮೆ ಓದಿದೆ. ಹಾಗಾದರೆ ಅವಳು ಹೇಳಿದ್ದು ಯಾವ ಊರು? ಈಗ ಇರುವುದು ಯಾವುದರಲ್ಲಿ?

ಮೊಬೈಲಿನಲ್ಲಿ ಹುಡುಕಿದಾಗ ತಿಳಿಯಿತು. ನ್ಯೂಬ್ಲೆ ಮೊದಲು ಬಿಯೊಬಿಯೊದ ಒಳಗೇ ಇತ್ತು. ಕೆಲವು ವರ್ಷಗಳ ಹಿಂದೆ ಬೇರೆ ಮಾಡಿ ಹೊಸ ರೀಜನ್ ಮಾಡಿದ್ದಾರೆ.

ಅವ್ವನಿಗೆ ಫೋನ್ ಹಚ್ಚಿದೆ. "ಅವ್ವಾ, ಆಕಿ ಬಿಯೊಬಿಯೊದಾಗ ಇಲ್ಲ."

"ಹಂಗಾದ್ರ ಎಲ್ಲಿ ಹೋದ್ಲವಾ? ನಮಗೊಂದ್ ಮಾತ್ ಹೇಳದ ಊರು ಬಿಟ್ಲೇನು?"

"ಊರು ಬಿಟ್ಟಿಲ್ಲಬೇ. ಊರು ಇದ್ದಲ್ಲೇ ಐತಿ, ಜಿಲ್ಲಾ ಬ್ಯಾರೆ ಆಗೇತಿ."

"ಬೆಂಕಿಗೆ ಜಿಲ್ಲಾ ಗೊತ್ತೇನು?"

ಫೋನ್ ಇಟ್ಟು ಮತ್ತೆ ಟಿವಿ ಮುಂದೆ ಕುಳಿತೆ.

ಹನ್ನೊಂದರ ಸುದ್ದಿಯಲ್ಲಿ ಎರಡನೇ ಹೆಸರು ಸೇರಿತು. ನ್ಯೂಬ್ಲೆಯಲ್ಲೂ ಬೆಂಕಿ.

ನಾನು ಅವ್ವನಿಗೆ ಹೇಳಲಿಲ್ಲ. ಅವ್ವನ ಜೊತೆಗಿರುವ ಅಣ್ಣನ ಹೆಂಡತಿ, ನಮ್ಮ ವೈನಿಗೆ ಮಾತ್ರ ಮೆಸೇಜ್ ಹಾಕಿದೆ, ಟಿವಿ ಬಂದ್ ಮಾಡಿಬಿಡ್ರಿ ಅಂತ.

ಕಂಪನಿಯವರಿಗೂ ಅವಳು ಸಿಕ್ಕಿರಲಿಲ್ಲ. "ವಿಚಾರ ಮಾಡಾಕ ಹತ್ತೇವ್ರಿ ಮೇಡಂ" ಅಂದರು. ಮಧ್ಯಾಹ್ನ ಊಟಕ್ಕೆ ಬಂದ ನಮ್ಮನೆಯವರು ತಟ್ಟೆ ಸರಿಸಿ ನನ್ನ ಜೊತೆ ನಕಾಶೆ ನೋಡುತ್ತಾ ಕುಳಿತರು. ಬೆಂಕಿಯ ಗುರುತಿಗೂ ಸಾನ್ ಕಾರ್ಲೋಸಿಗೂ ನಡುವೆ ಎಷ್ಟು ದೂರ ಎಂದು ಬೆರಳಿನಲ್ಲಿ ಅಳೆಯುವುದು, ಅದನ್ನು ತಂದು ನಮ್ಮ ಗದಗ-ಲಕ್ಷ್ಮೇಶ್ವರದ ನಡುವಿನ ದೂರಕ್ಕೆ ಹೋಲಿಸುವುದು...

ನಾಲ್ಕೂವರೆಗೆ ಫೋನ್ ಬಂತು.

"ಅಕ್ಕಾ, ಅರಾಮ ಅದೀನಿ. ನಿನ್ನೆ ಸಂಜಿಲಿಂದ ಕರೆಂಟ್ ಇದ್ದಿಲ್ಲ, ಟವರ್ ಇದ್ದಿಲ್ಲ. ಬೆಂಕಿ ನಮ್ ಕೊಮೂನಾಕ್ಕ ಬಂದಿಲ್ಲ. ಗಿಡದ ಮ್ಯಾಲೆ ಬೂದಿ ಬಿದ್ದೈತಿ, ಅಷ್ಟ."

ನನಗೆ ಅಳು, ಸಿಟ್ಟು ಎರಡೂ ಬಂದವು. "ಮತ್ತ ಬಿಯೊಬಿಯೊ ಅಂತ ಯಾಕ ಹೇಳಿದ್ದಿ?"

"ಇಲ್ಲಿ ಮನಿ ಮಾಲಕಿ ಅಜ್ಜಿ ಹಂಗ ಅಂತಾಳಕ್ಕಾ. ಬ್ಯಾರೆ ಆಗಿ ಇಷ್ಟ ವರ್ಷ ಆದ್ರೂ ಒಪ್ಪವಲ್ಲು. ಥೇಟ್ ನಮ್ಮವ್ವ!"

ಖರೆ. ನಾನು ಡಿಗ್ರಿ ಓದುವಾಗ ಗದಗ ಬೇರೆ ಜಿಲ್ಲೆಯಾಯಿತು. ಆಮೇಲೆ ಶಿಗ್ಲಿ ಕೂಡ ಶಿರಹಟ್ಟಿ ತಾಲೂಕಿನಿಂದ ಲಕ್ಷ್ಮೇಶ್ವರಕ್ಕೆ ಹೋಯಿತು. ಅವ್ವ ಇವತ್ತಿಗೂ ಯಾರು ಕೇಳಿದರೂ "ಧಾರವಾಡ ಜಿಲ್ಲಾ, ಶಿರಹಟ್ಟಿ ತಾಲೂಕ" ಅಂತಲೇ ಹೇಳುತ್ತಾಳೆ. ಅದನ್ನೇ ಕೇಳಿ ಬೆಳೆದ ಗಿರಿಜಾಗೆ ಆ ಅಜ್ಜಿಯ ಮಾತು ತಪ್ಪು ಅನ್ನಿಸಿರಲಿಕ್ಕಿಲ್ಲ.

ನಿನ್ನೆ ಶಿಗ್ಲಿಗೆ ಹೋಗಿದ್ದೆ. ಅವ್ವ ಕ್ಯಾಲೆಂಡರ್ ಮುಂದೆ ಹಿಡಿದಳು.

"ಇಲ್ಲಿ ಬರಿ. ಜಿಲ್ಲಾ ಗಿಲ್ಲಾ ಬ್ಯಾಡ. ನನ್ ಮಗಳು ಮಕ್ಕೊಳ್ಳೋ ಊರಿನ ಹೆಸರಷ್ಟ ಬರಿ."

ಬರೆದುಕೊಟ್ಟೆ. ವೈನಿ ಈಗ ಸುದ್ದಿಯಲ್ಲಿ ಆ ಒಂದು ಹೆಸರನ್ನು ಮಾತ್ರ ಹುಡುಕುತ್ತಾರೆ.

ಬೆಂಕಿ ಇನ್ನೂ ಪೂರ್ತಿ ಆರಿಲ್ಲ. ಇವತ್ತಿನ ಫೋಟೋಗೆ ಕಾಯುತ್ತಾ ಇದನ್ನು ಬರೆಯುತ್ತಿದ್ದೇನೆ. ನಾನು ಕಳಿಸಿದ ಮೆಸೇಜಿಗೆ ಸದ್ಯಕ್ಕೆ ಒಂದೇ ಟಿಕ್...

ದೂರದಲ್ಲಿರುವ ನಿಮ್ಮವರ ಊರು ಯಾವುದೆಂದು ನಿಮಗೆ ಗೊತ್ತೇ, ಇಲ್ಲಾ ನಿಮಗೂ ಜಿಲ್ಲೆಯ ಹೆಸರಷ್ಟೇ ಗೊತ್ತೇ?