ಹೆಳವರ ಮೈಲಾರಪ್ಪ ಬರೆದ ಉತ್ತರ

೧೯೪೦ನೆಯ ಇಸವಿಯ ಮುಲ್ಕಿ ಪರೀಕ್ಷೆಯಲ್ಲಿ, ಎಂದರೆ ಏಳನೆಯ ಇಯತ್ತೆಯ ಸರಕಾರಿ ಪರೀಕ್ಷೆಯಲ್ಲಿ, ಮೈಲಾರಪ್ಪನಿಗೆ ಇತಿಹಾಸದ ಪತ್ರಿಕೆಯಲ್ಲಿ ಐವತ್ತಕ್ಕೆ ಒಂಬತ್ತು ಮಾರ್ಕು ಬಂದವು. ಅದರ ಹಿಂದಿನ ವರ್ಷ ಹನ್ನೊಂದು ಬಂದಿದ್ದವು. ಲೆಕ್ಕ, ಕನ್ನಡ, ಭೂಗೋಳ ಎಲ್ಲದರಲ್ಲಿಯೂ ಅವನು ದಾಟಿದ್ದ. ಸೋತದ್ದು ಇತಿಹಾಸವೊಂದರಲ್ಲೇ. ಕೇಳಿದವರೆಲ್ಲ ನಕ್ಕರು, ಏಕೆಂದರೆ ಮೈಲಾರಪ್ಪ ಹೆಳವರವನು.

ಹೆಳವರು ನಮ್ಮ ಸೀಮೆಯ ಮನೆತನಗಳ ನೆನಪನ್ನು ಹೊತ್ತು ತಿರುಗುವ ಜನ. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕುಳಿತು, ಕಾಲ ಮೇಲೆ ಕಂಬಳಿ ಹೊದ್ದು, ಗಂಟೆ ಬಾರಿಸುತ್ತ ಮನೆಯ ಮುಂದೆ ಬಂದು ನಿಲ್ಲುತ್ತಾರೆ. ಆ ಮನೆಯ ಹಿರಿಯರು ಯಾವ ಊರಿನಿಂದ ಬಂದರು, ಯಾರ ಮಗ ಯಾರು, ಯಾವ ಹೆಣ್ಣುಮಗಳನ್ನು ಎಲ್ಲಿಗೆ ಕೊಟ್ಟರು ಎಂಬುದನ್ನು ಏಳೆಂಟು ತಲೆಮಾರಿನವರೆಗೆ ತಡೆಯಿಲ್ಲದೆ ಹೇಳುತ್ತಾರೆ. ವರ್ಷದೊಳಗೆ ಹುಟ್ಟಿದವರ ಹೆಸರನ್ನು ತಮ್ಮ ಹೊತ್ತಿಗೆಯಲ್ಲಿ ಬರೆದುಕೊಳ್ಳುತ್ತಾರೆ. ಕೊನೆಗೆ ವಂಶ ಬೆಳೆಯಲಿ ಎಂದು ಹರಸಿ, ಮೊರದ ತುಂಬ ಕಾಳು ಪಡೆದು ಮುಂದಿನ ಮನೆಗೆ ಹೋಗುತ್ತಾರೆ.

ಮೈಲಾರಪ್ಪನ ಅಪ್ಪ ಹೂವಪ್ಪ ಅಂಥ ಹೆಳವ. ಮಳೆಗಾಲದ ನಾಲ್ಕು ತಿಂಗಳು ಅವರ ಸಂಸಾರ ಹಿರೇಕೆರೂರಿನಲ್ಲಿ ನಿಲ್ಲುತ್ತಿತ್ತು. ಆ ನಾಲ್ಕು ತಿಂಗಳ ಸಾಲೆಯಲ್ಲಿ ಕಲಿತದ್ದನ್ನು ಮೈಲಾರಪ್ಪ ಉಳಿದ ಎಂಟು ತಿಂಗಳು ಎತ್ತಿನ ಹಿಂದೆ ನಡೆಯುತ್ತ ಬಾಯಿಪಾಠ ಮಾಡಿದ. ಅಪ್ಪ ತೀರಿಕೊಂಡ ಮೇಲೆ ತಿಳವಳ್ಳಿಯ ಆಚೆಯ ಒಂದು ಸಣ್ಣ ಊರಿನಲ್ಲಿ ಮಾಸ್ತರರು ಸಿಗದೆ ಸಾಲೆ ಮುಚ್ಚುವ ಹೊತ್ತು ಬಂದಾಗ, ಇವನನ್ನು ತಾತ್ಕಾಲಿಕವಾಗಿ ಇಟ್ಟುಕೊಂಡರು. ಮುಲ್ಕಿ ಪಾಸಾಗದೆ ಕೆಲಸ ಕಾಯಂ ಆಗುವಂತಿರಲಿಲ್ಲ. ಎರಡನೆಯ ಸಲವೂ ಸೋತಾಗ ಸಾಲೆ ತಪಾಸಣೆಗೆ ಬಂದ ಸಾಹೇಬರು, ಬರುವ ವರ್ಷವೇ ಕಡೆಯ ಅವಕಾಶ ಎಂದು ಬರೆದಿಟ್ಟು ಹೋದರು. ಅವನಾದರೋ ಸಾಲೆಗೆ ಸೇರುವಾಗಲೇ ಎತ್ತನ್ನೂ ಹೊತ್ತಿಗೆಯನ್ನೂ ಕಾಕಾ ನೀಲಪ್ಪನ ಕೈಗೆ ಕೊಟ್ಟುಬಿಟ್ಟಿದ್ದ.

ನಮ್ಮ ಮನೆಯವರು ಅಕ್ಕಿಆಲೂರಿನ ಸಾಲೆಯ ಮಾಸ್ತರರು. ಊರಿಗೆ ಅವರು ಕರಬಸಪ್ಪ ಮಾಸ್ತರರು. ಮೈಲಾರಪ್ಪ ಪ್ರತಿ ಶನಿವಾರ ಸಾಲೆ ಬಿಟ್ಟ ಮೇಲೆ ನಡೆದು ನಮ್ಮಲ್ಲಿಗೆ ಬರುತ್ತಿದ್ದ. ಮಠದಲ್ಲಿ ಮಲಗಿ, ಭಾನುವಾರ ಇಡೀ ದಿನ ನಮ್ಮ ಪಡಸಾಲೆಯಲ್ಲಿ ಕುಳಿತು ಪಾಠ ಹೇಳಿಸಿಕೊಳ್ಳುತ್ತಿದ್ದ. ನಾನು ಸಾಲೆಗೆ ಹೋದವಳಲ್ಲ. ಪೂಜೆ ಮುಗಿಸಿ ಅಕ್ಕಿ ಆರಿಸುತ್ತ ನಡುಮನೆಯ ಬಾಗಿಲಲ್ಲಿ ಕೂಡುತ್ತಿದ್ದೆ. ನನಗೆ ತಿಳಿದ ಇತಿಹಾಸವೆಲ್ಲ ಹಾಗೆ ಕಿವಿಗೆ ಬಿದ್ದದ್ದು.

ಮೊದಲ ಭಾನುವಾರ ಮಾಸ್ತರರು, "ಹ್ವಾದ ವರ್ಷ ಏನ ಬರದಿದ್ದಿ, ಹೇಳ ನೋಡೂಣು," ಎಂದರು. ವಿಜಯನಗರದ ಆಳಿಕೆ ಕುಗ್ಗಲು ಕಾರಣಗಳಾವುವು ಎಂದು ಪ್ರಶ್ನೆ ಬಂದಿತ್ತಂತೆ. ಅವನು ಬರೆದದ್ದನ್ನು ಒಂದಕ್ಷರ ಬಿಡದೆ ಹೇಳಿದ. ಮೊದಲ ಅರಸನಿಂದ ಕೊನೆಯ ಅರಸನವರೆಗೆ ಎಲ್ಲರ ಹೆಸರು, ಅವರ ತಮ್ಮಂದಿರು, ಮಕ್ಕಳು, ಕೊಟ್ಟ ದಾನ, ಕಟ್ಟಿಸಿದ ಗುಡಿ. ಕಡೆಗೆ ಕೈ ಮುಗಿದು, "ಇವರ ವಂಶ ಬೆಳೆಯಲಿ, ಇವರ ಮನೆ ತುಂಬಿರಲಿ," ಎಂದು ನಿಲ್ಲಿಸಿದ.

ನಮ್ಮ ಅತ್ತೆ ಹಾಲವ್ವನವರು ಬತ್ತಿ ಹೊಸೆಯುತ್ತಿದ್ದವರು ನಕ್ಕುಬಿಟ್ಟರು. "ಅಲ್ಲೋ ಮೈಲಾರ್‍ಯಾ, ಸತ್ತು ಮುನ್ನೂರು ನಾಕನೂರು ವರ್ಷ ಆದ ಮ್ಯಾಲ ಅವರ ವಂಶ ಬೆಳಸಾಕ ಹೊಂಟೀಯಲ್ಲ! ಅವರು ನಿನಗ ಜ್ವಾಳ ಹಾಕ್ತಾರೇನ?"

"ಹೆಸರ ಹೇಳಿ ಹರಸದ ಏಳಬಾರದು ಅಂತ ಅಪ್ಪ ಹೇಳ್ಯಾನ್ರಿ ಯವ್ವಾ," ಎಂದು ಅವನು ತಲೆ ತಗ್ಗಿಸಿದ.

ಮಾಸ್ತರರು ನಗಲಿಲ್ಲ. "ಪ್ರಶ್ನೆ ಕೇಳಿದ್ದು ಯಾಕ ಅಂತ. ನೀ ಯಾರು ಯಾರು ಅಂತ ಹೇಳಿದಿ. ಮೊದಲ ನಿನ್ನ ತೀರ್ಪು ಒಂದ ಮಾತಿನ್ಯಾಗ ಹೇಳು. ಆಮ್ಯಾಲ ಅದಕ್ಕ ಸಾಕ್ಷಿ ತಂದು ನಿಲ್ಲಿಸು. ಸಾಕ್ಷಿಗೆ ಬರದವರನ್ನ ಹೊರಗ ಬಿಡು."

"ಬಿಡೂದಂದ್ರ ಹೆಂಗ್ರಿ?"

"ಬಿಡೂದಂದ್ರ ಬಿಡೂದು. ಇಪ್ಪತ್ತು ಅರಸರೊಳಗ ಮೂರು ಮಂದಿ ಸಾಕಾಗಬಹುದು."

ಮೈಲಾರಪ್ಪನ ಮುಖ ಸಣ್ಣದಾಯಿತು. ಹೊತ್ತಿಗೆಯಿಂದ ಒಬ್ಬನ ಹೆಸರು ಬಿಟ್ಟುಹೋದರೆ ಅವನು ಹುಟ್ಟಿಯೇ ಇಲ್ಲದಂತೆ ಆಗುತ್ತದೆ ಎಂದು ಹೆಳವರು ನಂಬುತ್ತಾರೆ. ಅಣ್ಣತಮ್ಮಂದಿರ ಪಾಲಿನ ತಂಟೆಯಲ್ಲಿ ಹಿರಿಯರು ಕೇಳುವುದು ಅವರ ಹೊತ್ತಿಗೆಯನ್ನೇ. ಹೆಸರು ಬಿಡುವುದು ಅವರಲ್ಲಿ ಪಾಪ. ಆ ಮಳೆಗಾಲ, ಚಳಿಗಾಲ ಎಲ್ಲ ಅವನು ಬರೆದು ತಂದ ಹಾಳೆಗಳಲ್ಲಿ ಮೇಲೆ ಒಂದು ಸಾಲು ತೀರ್ಪು ಇರುತ್ತಿತ್ತು, ಕೆಳಗೆ ಮತ್ತೆ ಎಲ್ಲರ ಹೆಸರೂ ಸಾಲಾಗಿ ಬಂದು ನಿಲ್ಲುತ್ತಿದ್ದವು. ಮಾಸ್ತರರು ಕೆಂಪು ಶಾಯಿಯಿಂದ ಗೀಟು ಹೊಡೆದಂತೆಲ್ಲ ಅವನು ಕಣ್ಣು ಬೇರೆ ಕಡೆ ತಿರುಗಿಸುತ್ತಿದ್ದ.

ಪುಷ್ಯ ಮಾಸದಲ್ಲಿ ಒಂದು ಭಾನುವಾರ ಪಾಠ ನಡೆದಿರುವಾಗಲೇ ಅಂಗಳದಲ್ಲಿ ಗಂಟೆ ಕೇಳಿಸಿತು. ನೀಲಪ್ಪ ಬಂದಿದ್ದ. ಎತ್ತಿನ ಮೇಲಿಂದಲೇ ಅಣ್ಣನ ಮಗನನ್ನು ನೋಡಿ, "ಏನಪಾ ಮಾಸ್ತರ, ಇನ್ನೂ ಶಿಷ್ಯಾ ಆಗಿ ಕುಂತೀಯಲ್ಲ!" ಎಂದು ಚುಚ್ಚಿದ. ಮೈಲಾರಪ್ಪ ಎದ್ದು ಎತ್ತಿನ ಹಗ್ಗ ಹಿಡಿದುಕೊಂಡ. ನೀಲಪ್ಪ ನಮ್ಮ ಮನೆತನವನ್ನು ಹೇಳಿದ: "ಸವಣೂರ ಸೀಮೆ ಬಿಟ್ಟು ಬಂದ್ರು, ಅಕ್ಕಿಆಲೂರಾಗ ನಿಂತ್ರು, ಬೆಳದ್ರು…" ಮೂಲಪುರುಷ ಮಹಾಲಿಂಗಪ್ಪನಿಂದ ನನ್ನ ತೊಟ್ಟಿಲ ಕೂಸಿನವರೆಗೆ ಒಂದು ಹೆಸರೂ ತಪ್ಪಲಿಲ್ಲ.

ಅತ್ತೆಯವರು ಮೊರ ತುಂಬಿ ತಂದು, "ದಂಡು ಏರಿ ಬಂದ ಕಾಲಕ್ಕ ಕುದರಿಯವರಿಗೆ ಅಂಜಿ ಊರು ಬಿಟ್ಟು ಬಂದವ್ರು ನಮ್ಮ ಹಿರ್‍ಯಾರು. ಹೌದಲ್ಲೋ ನೀಲಪ್ಪಾ?" ಎಂದರು.

"ಬಂದ್ರು, ನಿಂತ್ರು, ಬೆಳದ್ರು ತಾಯಿ," ಎಂದಷ್ಟೇ ಹೇಳಿ ನೀಲಪ್ಪ ಕಾಳು ಸುರುವಿಕೊಂಡು ಹೋದ.

ಅತ್ತೆಯವರ ಮಾತಿಗೆ ತಲೆ ತಗ್ಗಿಸಿದ್ದ ಮೈಲಾರಪ್ಪನ ಮುಖವನ್ನು ಮಾಸ್ತರರು ನೋಡುತ್ತಿದ್ದರು. "ದಂಡಿಗೆ ಅಂಜಿ ಬಂದಿದ್ದಲ್ಲ, ಹೌದಿಲ್ಲೋ? ನಿನಗ ಗೊತ್ತೈತಿ," ಎಂದರು.

ಅವನು ಹಾಳೆಗಳನ್ನು ಮಡಿಚಿಟ್ಟ. ಆಮೇಲೆ ಹೇಳಿದ. ಮನೆತನಗಳು ಊರು ಬಿಟ್ಟ ಕಾರಣ ಹೆಳವರಿಗೆ ಗೊತ್ತಿರುತ್ತದೆ. ಅದು ಹೊತ್ತಿಗೆಯಲ್ಲಿ ಇರುವುದಿಲ್ಲ. ಅಪ್ಪ ಮಗನಿಗೆ ಹೊಲದ ದಾರಿಯಲ್ಲಿ, ಯಾರೂ ಇಲ್ಲದಾಗ ಹೇಳುತ್ತಾನೆ. ಅದಕ್ಕೆ ಒಳಮಾತು ಎನ್ನುತ್ತಾರೆ. ಅನ್ನ ಹಾಕಿದ ಮನೆಯ ಒಳಮಾತನ್ನು ಆಡಬಾರದು ಎಂದು ಎತ್ತಿನ ಬೆನ್ನು ಮುಟ್ಟಿಸಿ ಆಣೆ ತೆಗೆದುಕೊಂಡಿರುತ್ತಾರೆ.

"ಅಂದ್ರ ಯಾಕ ಅಂತ ಕೇಳಿದ ಕೂಡ್ಲೆ ನಿನ್ನ ಬಾಯಿ ಕಟ್ಟತೈತಿ," ಎಂದರು ಮಾಸ್ತರರು. "ಅರಸರ ಸುದ್ದಿಯೊಳಗೂ ಅದ ಆಗೇತಿ. ಮೈಲಾರಪ್ಪ, ಇದು ನನ್ನ ಮನಿ. ನಾ ಕೇಳಾಕತ್ತೇನಿ. ಹೇಳು."

ಅವನು ಹೇಳಲಿಲ್ಲ. ಅಂದು ಪಾಠವೂ ನಡೆಯಲಿಲ್ಲ. ಮುಂದಿನ ಎರಡು ಶನಿವಾರ ಅವನು ಬರಲಿಲ್ಲ. ಪರೀಕ್ಷೆಗೆ ಎರಡು ತಿಂಗಳಿತ್ತು. ಇನ್ನು ಅವನು ಬರಲಾರ, ಸಾಲೆಯೂ ಹೋಯಿತು ಎಂದು ನಾನು ದೇವರ ಮುಂದೆ ಕುಳಿತಾಗಲೆಲ್ಲ ಅವನದೇ ನೆನಪು ಮಾಡಿಕೊಳ್ಳುತ್ತಿದ್ದೆ.

ಮೂರನೆಯ ವಾರ ಬಂದ. ಬಂದವನು ಪುಸ್ತಕ ಬಿಚ್ಚದೆ, "ಮನಿಯವರ ಕೇಳಿದ ಮ್ಯಾಲ ಹೇಳ್ತೇನ್ರಿ," ಎಂದು ಮಾಸ್ತರರಿಗೆ ಹೇಳಿದ. ಅತ್ತೆಯವರ ಕಡೆ ತಿರುಗಿ, "ಯವ್ವಾ, ನೀವು ಒಳಗ ಹೋದ್ರ ಚಲೋ," ಎಂದ.

"ನನ್ನ ಮನಿ ಮಾತು, ನಾ ಯಾಕ ಒಳಗ ಹೋಗ್ಲಿ?" ಎಂದು ಅತ್ತೆ ಅಲ್ಲೇ ಕುಳಿತರು.

ಅವನು ಕಣ್ಣು ಮುಚ್ಚಿ ಹೇಳತೊಡಗಿದ. "ಈ ಮನಿಯವರನ್ನ ಊರು ಬಿಡಿಸಿದ್ದು ದಂಡಲ್ಲ. ನೀರು." ಸವಣೂರಿನ ಹತ್ತಿರ ಮಹಾಲಿಂಗಪ್ಪ, ಅಜ್ಜಪ್ಪ ಎಂಬ ಅಣ್ಣತಮ್ಮಂದಿರಿಗೆ ಒಂದೇ ಬಾವಿ, ಎರಡು ಎಲೆಬಳ್ಳಿಯ ತೋಟ. ನೀರಿಗೆ ಪಾಳಿ ಇತ್ತು. ಒಂದು ಕೆಟ್ಟ ಬೇಸಗೆಯಲ್ಲಿ ತಮ್ಮ ಅಜ್ಜಪ್ಪ ಹೆಂಡತಿಯನ್ನು ಕರೆತರಲು ಬೀಗರೂರಿಗೆ ಹೋದ. ತನ್ನ ಪಾಳಿ ಬಂದರೆ ನೀರು ಹಾಯಿಸು ಎಂದು ಅಣ್ಣನಿಗೆ ಹೇಳಿ ಹೋಗಿದ್ದ. ಅಣ್ಣ ಐದು ದಿನದ ನೀರನ್ನೂ ತನ್ನ ತೋಟಕ್ಕೇ ತಿರುವಿಕೊಂಡ. ತಮ್ಮ ಬರುವಷ್ಟರಲ್ಲಿ ಬಳ್ಳಿ ಬಾಡಿ ನೆಲಕ್ಕೆ ಬಿದ್ದಿತ್ತು. ತಮ್ಮ ಒಂದು ಮಾತೂ ಆಡಲಿಲ್ಲ. ಆದರೆ ಊರಿನವರು ಅಣ್ಣನ ಮನೆಯ ಒಲೆಗೆ ಬೆಂಕಿ ಕೊಡುವುದನ್ನು ಬಿಟ್ಟರು, ಅವನ ಮನೆಯ ನೀರು ಕುಡಿಯುವುದನ್ನು ಬಿಟ್ಟರು. ಎರಡು ವರ್ಷಕ್ಕೆ ಅವನೇ ಹೊರಟು ಬಂದ. "ದಂಡು ಬಂದಿದ್ದು ಖರೆ," ಎಂದ ಮೈಲಾರಪ್ಪ. "ಆದ್ರ ಅದು ಬಂದಿದ್ದು ಆಮ್ಯಾಲ. ತಮ್ಮನ ಮನಿ ಆ ದಂಡಿನ್ಯಾಗೂ ಅಲ್ಲೇ ನಿಂತಿತ್ತು. ದಂಡಿಗೆ ಅಂಜಿ ಬಂದಿದ್ರ ಅವರೂ ಬರಬೇಕಾಗಿತ್ತು."

ಅತ್ತೆಯವರ ಕೈಯಲ್ಲಿ ಬತ್ತಿಯ ಅರಳೆ ಹಾಗೇ ಇತ್ತು. ಮಾಸ್ತರರು ಮೆಲ್ಲಗೆ, "ಮೊದಲ ತೀರ್ಪು ಹೇಳಿದಿ. ಎಂಟು ತಲಿಯೊಳಗ ಎರಡ ಹೆಸರ ತಗೊಂಡಿ. ಮಂದಿ ಹೇಳೂ ಕಾರಣನೂ ತಂದು, ಅದು ಯಾಕ ನಿಲ್ಲೂದಿಲ್ಲ ಅಂತ ತೋರಿಸಿದಿ. ಇಷ್ಟ ನೋಡಪಾ ನಾ ಕೇಳಿದ್ದು," ಎಂದರು.

ಅತ್ತೆಯವರು ಎದ್ದು ಒಳಗೆ ಹೋದರು. ಅಂದಿನಿಂದ ಅವರು ಮೈಲಾರಪ್ಪನೊಡನೆ ಮಾತು ಬಿಟ್ಟರು. ಅವನು ಬಂದರೆ ಎದ್ದು ಹೋಗುತ್ತಿದ್ದರು. ಅವನೂ ಅವರ ಮುಖ ನೋಡುತ್ತಿರಲಿಲ್ಲ. ಆದರೆ ಅವನ ಹಾಳೆಗಳಲ್ಲಿ ಕೆಂಪು ಶಾಯಿ ಕಡಿಮೆಯಾಗುತ್ತ ಬಂತು.

ಪರೀಕ್ಷೆ ಹಾನಗಲ್ಲಿನಲ್ಲಿ. ಹೊರಡುವ ದಿನ ಮಾಸ್ತರರಿಗೆ ನಮಸ್ಕಾರ ಮಾಡಲು ಬಂದಾಗ ಅತ್ತೆಯವರು ರೊಟ್ಟಿ ಬುತ್ತಿಯ ಗಂಟನ್ನು ತಂದು ಅವನ ಮುಂದೆ ಇಟ್ಟರು. "ಹಸಕೊಂಡು ಬರೀಬ್ಯಾಡ," ಎಂದಷ್ಟೇ ಹೇಳಿ ಒಳಗೆ ಹೋದರು.

ಪೇಶ್ವೆಯರ ಆಳಿಕೆ ಅಳಿಯಲು ಮುಖ್ಯ ಕಾರಣವೇನೆಂದು ಪ್ರಶ್ನೆ ಬಂದಿತ್ತು. ಪರೀಕ್ಷೆ ಮುಗಿಸಿ ಬಂದು ಅವನು ತನ್ನ ಉತ್ತರವನ್ನು ನಮಗೆ ಹೇಳಿದ. ಮನೆಯ ಜಗಳಕ್ಕೆ ಅವರು ಹೊರಗಿನವರನ್ನು ಪಂಚರನ್ನಾಗಿ ಕರೆದರು, ಪಂಚರಾಗಿ ಬಂದವರು ಮನೆಯಲ್ಲಿಯೇ ಕುಳಿತರು ಎಂಬುದು ಮೊದಲ ಸಾಲು. ಅದಕ್ಕೆ ಎರಡು ಸಾಕ್ಷಿ: ಅಣ್ಣನ ಮಗನ ಪಟ್ಟಕ್ಕೆ ಆಸೆಪಟ್ಟ ರಘುನಾಥರಾಯ ಇಂಗ್ಲಿಷರ ಹತ್ತಿರ ಹೋದದ್ದು, ಅವನ ಮಗ ಎರಡನೆಯ ಬಾಜೀರಾಯ ಹೋಳಕರನಿಗೆ ಅಂಜಿ ಮತ್ತೆ ಅವರ ಬಾಗಿಲಿಗೇ ಹೋದದ್ದು. ಇಂಗ್ಲಿಷರ ತೋಪು, ಕವಾಯತಿನ ದಂಡು ಬಲವಾಗಿದ್ದವು, ಅದು ನಿಜ, ಆದರೆ ಕರೆಯದೆ ಇದ್ದರೆ ಅವು ಅಷ್ಟು ಬೇಗ ಪುಣೆಯ ಅಂಗಳಕ್ಕೆ ಬರುತ್ತಿರಲಿಲ್ಲ ಎಂದು ಮುಗಿಸಿದ್ದ. ಹರಸಿರಲಿಲ್ಲ.

"ಉಳಿದ ಪೇಶ್ವೆಯರೆಲ್ಲ ಬಾಗಲದಾಗ ನಿಂತು ನೋಡಿದಂಗ ಆತ್ರಿ ಅಕ್ಕಾರ," ಎಂದು ನನಗೆ ಹೇಳಿದ. "ದೊಡ್ಡ ಬಾಜೀರಾಯನ್ನ ಸೈತ ಬಿಟ್ಟೆ."

ಜೂನ್ ತಿಂಗಳಲ್ಲಿ ಫಲಿತಾಂಶ ಬಂತು. ಇತಿಹಾಸಕ್ಕೆ ಮೂವತ್ತೆರಡು. ಅವನ ಕೆಲಸ ಕಾಯಂ ಆಗುವುದೆಂದು ಕಾಗದವೂ ಬಂತು. ಮಾಸ್ತರರು ಸಕ್ಕರೆ ಹಂಚಿದರು. ಮೈಲಾರಪ್ಪ ಸಕ್ಕರೆಯನ್ನು ಕೈಯಲ್ಲೇ ಹಿಡಿದು, "ನಾ ಮೊದಲ ಹಿರೇಕೆರೂರಿಗೆ ಹೋಗಿ ಬರ್ತೇನ್ರಿ. ಕಾಕಾಗ ನಾನ ಹೇಳಬೇಕು. ಮಂದಿ ಬಾಯಿಂದ ಗೊತ್ತಾಗಬಾರದು," ಎಂದ.

"ಏನಂತ ಹೇಳ್ತಿ? ಪಾಸಾದೆ ಅಂತ ಹೇಳು, ಸಾಕು," ಎಂದರು ಮಾಸ್ತರರು.

"ಆಣಿ ಮುರದೇನ್ರಿ. ಅದನ್ನ ಹೇಳಬೇಕು."

ನಾಲ್ಕನೆಯ ದಿನ ಮಧ್ಯಾಹ್ನ ಮರಳಿ ಬಂದ. ಮಾಸ್ತರರು ಸಾಲೆ ಸಜ್ಜುಮಾಡಲು ಹೋಗಿದ್ದರು. ಪಡಸಾಲೆಯ ಕಂಬಕ್ಕೆ ಒರಗಿ ಕುಳಿತು ಅವನು ಹೇಳಿದ್ದನ್ನು ನಾನೂ ಅತ್ತೆಯವರೂ ಕೇಳಿದೆವು. ನೀಲಪ್ಪ ಗುಡಿಸಲ ಮುಂದೆ ಎತ್ತಿಗೆ ಹುಲ್ಲು ಹಾಕುತ್ತಿದ್ದನಂತೆ. ಎಲ್ಲವನ್ನೂ ಕೇಳಿ ಸಿಟ್ಟಾಗಲಿಲ್ಲವಂತೆ. "ಹಾಲವ್ವ ಏನಂದಳು?" ಎಂದು ಮಾತ್ರ ಕೇಳಿದನಂತೆ. ಬುತ್ತಿ ಕಟ್ಟಿಕೊಟ್ಟರು ಎಂದಾಗ ತಲೆದೂಗಿ, "ದೊಡ್ಡ ಮನಸಿನಾಕಿ. ಆದ್ರ ಎಲ್ಲಾ ಮನ್ಯಾಗೂ ಹಾಲವ್ವ ಇರೂದಿಲ್ಲ ತಮ್ಮಾ. ನಾಳಿ ಇನ್ನೊಂದು ಮನಿಯವ್ರು ನಮ್ಮನ್ನ ಅಂಗಳದಾಗ ನಿಲ್ಲಿಸಾಕ ಅಂಜತಾರ. ನಿನ್ನ ಪಾಲಿನ ಒಕ್ಕಲ ಮನಿಗಳಿಗೆ ಇನ್ನ ನನ್ನ ಮಕ್ಕಳು ಹೋಗ್ತಾರ. ನೀ ಹೊತ್ತಿಗಿ ಮುಟ್ಟಬ್ಯಾಡ," ಎಂದನಂತೆ.

"ಮತ್ತ ನೀ ಏನಂದಿ?" ಎಂದು ಅತ್ತೆಯವರು ಕೇಳಿದರು. ಐದು ತಿಂಗಳಲ್ಲಿ ಅವರು ಅವನನ್ನು ಕೇಳಿದ ಮೊದಲ ಪ್ರಶ್ನೆ ಅದು.

"ಹೂಂ ಅಂದೆ. ಎತ್ತಿನ ಬೆನ್ನು ಮುಟ್ಟಿ ಬಂದೆ." ಸ್ವಲ್ಪ ತಡೆದು, "ಅಪ್ಪ ಹೇಳಿಕೊಟ್ಟಿದ್ದು ನನ್ನ ತೆಲ್ಯಾಗ ಹಂಗ ಐತ್ರಿ ಯವ್ವಾ. ನೂರಾ ಆರು ಮನಿ. ಅದನ್ನ ಇನ್ನ ಯಾರ ಮುಂದ ಹೇಳ್ಲಿ?" ಎಂದ.

ನಾನು ತಾಟು ಹಾಕುವೆ ಎಂದರೂ ಅವನು ಊಟಕ್ಕೆ ಕೂಡಲಿಲ್ಲ. ಸೋಮವಾರ ಸಾಲೆ ತೆರೆಯುವುದಿತ್ತು, ಹೊಸ ಮಕ್ಕಳ ಹೆಸರು ಹಾಜರಿ ಪುಸ್ತಕಕ್ಕೆ ಹಚ್ಚಬೇಕಿತ್ತು. ಮೋಡ ಕವಿಯುವ ಮೊದಲು ತಿಳವಳ್ಳಿ ಮುಟ್ಟಬೇಕೆಂದು ಹೇಳಿ, ಅತ್ತೆಯವರ ಕಾಲಿಗೆ ಬಿದ್ದು, ಹೊರಟುಹೋದ.