ಹೊಳೆಯಬಾರದಿದ್ದ ಚೆಂಡು

ಬೆಳಗಾವಿಯ ಬಸ್ಸು ನನ್ನನ್ನು ಪುಣೆಯ ಸ್ವಾರಗೇಟಿನಲ್ಲಿ ಇಳಿಸಿದ್ದು ಖಂಡೆ ನವಮಿಯ ಬೆಳಗ್ಗೆ. ಸಿಟಿ ಬಸ್ಸು ಹಿಡಿದು ಕೋಥರೂಡಿನ ಅಕ್ಕನ ಮನೆ ಸೇರುವಷ್ಟರಲ್ಲಿ ಅವಳು ಪೂಜೆಗೆಂದು ಮನೆಯ ಆಯುಧಗಳನ್ನೆಲ್ಲ ಜೋಡಿಸಿಟ್ಟಿದ್ದಳು. ಇಳಿಗೆಮಣೆ, ಕತ್ತರಿ, ಭಾವನ ನಟ್ಟು ಬಿಗಿಯುವ ಪಾನಾಗಳು. ನಡುವೆ ಮೂರು ತೂತಿನ ಕರಿ ಗುಂಡೊಂದು, ಆರು ಕಿಲೋ ತೂಕದ್ದು.

ಅದು ಬೌಲಿಂಗ್ ಚೆಂಡು. ಭಾವ ವಸಂತರಾಯರು ತಳೇಗಾಂವದ ಕಾರ್ಖಾನೆಯೊಂದರಲ್ಲಿ ಫೋರ್‌ಮನ್. ಯಂತ್ರ ಕೂಡಿಸಲು ಬಂದಿದ್ದ ವಿದೇಶಿ ಎಂಜಿನಿಯರುಗಳು ಅಲ್ಲಿಯ ಕ್ಲಬ್ಬಿನಲ್ಲಿ ಉದ್ದನೆಯ ಮರದ ಹಾಸು, ಹತ್ತು ಗೂಟ, ಕೆಲವು ಚೆಂಡುಗಳನ್ನು ಬಿಟ್ಟುಹೋಗಿದ್ದರು. ಚೆಂಡು ಉರುಳಿಸಿ ಗೂಟ ಕೆಡವುವುದೇ ಆಟ. ಕ್ಲಬ್ಬು ಮಾತ್ರ ಅಧಿಕಾರಿಗಳದ್ದು. ಮರುದಿನದ ದಸರಾ ಪಂದ್ಯದಲ್ಲಿ ಭಾವ ಗೆದ್ದರೆ ಭಾನುವಾರಗಳಂದು ಫೋರ್‌ಮನ್‌ಗಳ ಕುಟುಂಬಗಳಿಗೂ ಬಾಗಿಲು ತೆರೆಯಬೇಕೆಂದು ಮಾತಾಗಿತ್ತು. ಅಕ್ಕ ಆ ಭಾನುವಾರಕ್ಕೆ ಉಡುವ ಸೀರೆಯನ್ನು ಆಗಲೇ ತೆಗೆದಿಟ್ಟಿದ್ದಳು.

ನನ್ನದು ಹಿತ್ತಾಳೆ ಪಾತ್ರೆಯ ಅಂಗಡಿ. ಮಂಕಾದ ವಸ್ತು ಕಂಡರೆ ಕೈ ಸುಮ್ಮನಿರುವುದಿಲ್ಲ. ಭಾವ ಸ್ನಾನಕ್ಕೆ ಹೋದಾಗ ಆ ಚೆಂಡಿಗೆ ಕೊಬ್ಬರಿ ಎಣ್ಣೆ ಹಚ್ಚಿ, ಹಳೇ ಧೋತರದ ತುಂಡಿನಿಂದ ಉಜ್ಜಿ, ಮುಖ ಕಾಣುವಂತೆ ಮಾಡಿ ಕುಂಕುಮ ಇಟ್ಟೆ. ಅಕ್ಕ ಮಂಗಳಾರತಿಯನ್ನೂ ಮಾಡಿಬಿಟ್ಟಳು.

ಭಾವ ಹೊರಬಂದು ನೋಡಿ ಅಲ್ಲೇ ಕೂತರು. ಹೆಂಡತಿಯ ತಮ್ಮನನ್ನು ಹಬ್ಬದ ದಿನ ಬಯ್ಯುವಂತಿಲ್ಲ.

"ಮರದ ಹಾಸಿನ ಮ್ಯಾಲ ಎಣ್ಣಿ ಭಾಳ ಹಚ್ಚಿರ್ತಾರ್ರಿ," ಎಂದರು ಮೆಲ್ಲಗೆ. "ಹೊಳಿಯೂ ಚೆಂಡು ಜಾರಿ ಸೀದಾ ಹೋಗ್ತದ. ಮಂಕಿದ್ದದ್ದು ಎಣ್ಣಿಯೊಳಗೂ ಹಿಡೀತದ, ಕಡೀಕ ತಿರುಗಿ ಗೂಟಕ್ಕ ಬಡೀತದ. ಅದಕ್ಕ ಇದನ್ನ ಆರಿಸಿ ತಿಂಗಳಗಟ್ಲೆ ಉಪ್ಪುಕಾಗದ ತಿಕ್ಕಿದ್ದೆ."

"ಈಗ ತಿಕ್ಕೂಣಲ್ಲ ಭಾವಾ," ಎಂದೆ.

"ಪೂಜಿಗಿಟ್ಟದ್ದು ನಾಳೆ ಮುಂಜಾನಿ ತನಕ ಮುಟ್ಟೂಹಂಗಿಲ್ಲ," ಎಂದಳು ಅಕ್ಕ. ನಾನು ಹೋಗಿ ಉಪ್ಪುಕಾಗದ ಕೊಂಡುತಂದು ಚೀಲದಲ್ಲಿಟ್ಟುಕೊಂಡೆ.

ದಸರೆಯ ಬೆಳಗ್ಗೆ ಪುಣೆ ಸ್ಟೇಷನ್ನಿನಿಂದ ನಾನೂ ಭಾವನೂ ಲೋಕಲ್ ರೈಲು ಹತ್ತಿದೆವು. ತಳೇಗಾಂವಕ್ಕೆ ಸುಮಾರು ಒಂದು ಗಂಟೆಯ ದಾರಿ. ಚೆಂಡನ್ನು ತೊಡೆಯ ಮೇಲಿಟ್ಟುಕೊಂಡು ಉಪ್ಪುಕಾಗದದಿಂದ ತಿಕ್ಕತೊಡಗಿದೆ. ಎದುರಿನ ಮುದುಕರು ಕುಂಕುಮ ನೋಡಿ, "ದೇವ ಆಹೇ ಕಾ?" ಎಂದು ಕೇಳಿದರು. ದೇವರಲ್ಲವೆನ್ನುವ ಮೊದಲೇ ಕೈಮುಗಿದು ಕಾಲು ಹಿಂದಕ್ಕೆಳೆದುಕೊಂಡರು. ಖಡಕಿ ಸ್ಟೇಷನ್ ಬಂತು. ಎಣ್ಣೆ ಮೆತ್ತಿ ಕಾಗದವೆಲ್ಲ ಜಿಡ್ಡಾಯಿತೇ ಹೊರತು ಚೆಂಡಿನ ಹೊಳಪು ಹಾಗೇ ಇತ್ತು. ಭಾವ ಕಿಟಕಿಯಾಚೆ ನೋಡುತ್ತ ಕೂತಿದ್ದರು. ಅವರು ಒಮ್ಮೆ ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಬಾಗಿಲ ಬಳಿ ಹಿಟ್ಟಿನ ಗಂಟಿಟ್ಟುಕೊಂಡು ಕೂತಿದ್ದ ಹೆಂಗಸು ನನ್ನ ಕನ್ನಡದ ಗೊಣಗಾಟ ಕೇಳಿ ಹತ್ತಿರ ಬಂದಳು. ಯಾದಗಿರಿ ಕಡೆಯವಳು, ಕಟ್ಟಡದ ಕೆಲಸಕ್ಕೆ ಬಂದವಳು, ಹೆಸರು ಬಸಮ್ಮ.

"ಎಣ್ಣಿ ತಗೀದ ತಿಕ್ಕಿದ್ರ ಹ್ಯಾಂಗ ಹತ್ತತದ್ರಿ ಯಪ್ಪಾ? ಹಿಟ್ಟು ಹಚ್ರಿ. ಅದು ಎಣ್ಣಿ ಕುಡೀತದ."

ಕೇಳದೆಯೇ ಒಂದು ಹಿಡಿ ಜೋಳದ ಹಿಟ್ಟು ಸುರಿದಳು. ಹಿಟ್ಟು ಜಿಡ್ಡಾಗಿ ಉದುರಿತು. ಪಿಂಪರಿಯಲ್ಲಿ ಇನ್ನೊಂದು ಹಿಡಿ, ಚಿಂಚವಾಡದಲ್ಲಿ ಮತ್ತೊಂದು. ಭಾವನೂ ತೋಳು ಮಡಚಿ ಕೈಹಾಕಿದರು. ಆಮೇಲೆ ಹೊಸ ಉಪ್ಪುಕಾಗದ. ದೇಹೂರೋಡ್ ದಾಟುವಾಗ ಚೆಂಡು ಮೊದಲಿನಂತೆ ಮಂಕಾಗಿತ್ತು, ನಾವಿಬ್ಬರೂ ಗಿರಣಿಯಿಂದ ಎದ್ದು ಬಂದವರಂತಿದ್ದೆವು.

ಕ್ಲಬ್ಬಿನಲ್ಲಿ ಭಾವನ ಎದುರಾಳಿಯಾಗಿದ್ದ ಅಧಿಕಾರಿ ಥಳಥಳಿಸುವ ಕೆಂಪು ಚೆಂಡು ಆರಿಸಿಕೊಂಡಿದ್ದರು. ಅದು ಎಣ್ಣೆಯ ಮೇಲೆ ಜಾರಿ ಜಾರಿ ಹೋಯಿತು. ಆದರೂ ಗುರಿ ಚೆನ್ನಾಗಿದ್ದದ್ದರಿಂದ ಲೆಕ್ಕ ಸರಿಸಮವಾಗಿ, ಉಳಿದದ್ದು ಭಾವನ ಕೊನೆಯ ಚೆಂಡೊಂದೇ. ಅದು ಹಾಸಿನ ಅಂಚಿಗೇ ಹೋಗುತ್ತಿತ್ತು. ಮುಗಿಯಿತೆಂದು ನಾನು ಕಣ್ಣು ಮುಚ್ಚಿದೆ. ಗೂಟಗಳು ಬಿದ್ದ ಸದ್ದಿಗೆ ತೆರೆದರೆ ಒಂದೂ ನಿಂತಿರಲಿಲ್ಲ; ಮಂಕು ಚೆಂಡು ಕೊನೆಗೆ ತಿರುಗಿಯೇ ತಿರುಗಿತ್ತು. ನನಗೆ ಅಳು ಬಂತು, ಸುಳ್ಳೇಕೆ ಹೇಳಲಿ.

ಸಂಜೆ ಅಕ್ಕ ಭಾನುವಾರಕ್ಕೆಂದಿದ್ದ ಸೀರೆಯನ್ನು ಅಂದೇ ಉಟ್ಟು ನನ್ನನ್ನು ಊರಿನ ಬಸ್ಸು ಹತ್ತಿಸಲು ಸ್ವಾರಗೇಟಿಗೆ ಬಂದಳು. ಕಿಟಕಿಯ ಕೆಳಗೆ ನಿಂತ ಭಾವ ನನ್ನ ಕೈಗೆ ಬನ್ನಿ ಎಲೆ ಕೊಟ್ಟರು.

"ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ."

ಬಸ್ಸು ಹೊರಟಿತು. ಭಾವ ನಾಲ್ಕು ಹೆಜ್ಜೆ ಜೊತೆಗೇ ನಡೆದುಬಂದು ಹೇಳಿದರು:

"ಹೊಳಿಯೂದು ಮಾತ್ರ ಬ್ಯಾಡ್ರಿ."